ಅಪ್‌ಡೇಟ್: ದಾಖಲೆಗಳೆಲ್ಲ ಒಂದು ಫೋಲ್ಡರಿಗೆ ಬಂದವು

ತೋಟದ ಮಳೆ ಲೆಕ್ಕ ಇಡೋ ನಮ್ಮ ಆ್ಯಪ್‌ನ ದಾಖಲೆಗಳು ಗಿಟ್‌ಹಬ್‌ನಲ್ಲಿ (ಕೋಡ್ ಇಡೋ ಜಾಲತಾಣ) ಚೆಲ್ಲಾಪಿಲ್ಲಿ ಆಗಿವೆ, ಹೇಗೆ ಜೋಡಿಸಲಿ ಅಂತ ಕೇಳಿದ್ದೆ. ಎಲ್ಲವನ್ನೂ ‘ಡಾಕ್ಸ್’ ಫೋಲ್ಡರಿಗೆ ಹಾಕಿ ಅಂದಿದ್ರಿ. ಹಾಗೇ ಮಾಡಿದೆ, ತುಂಬಾ ಥ್ಯಾಂಕ್ಸ್.

ಫೈಲು ಸಾಗಿಸೋ ‘ಗಿಟ್ ಎಂವಿ’ ಆಜ್ಞೆ ಕೊಟ್ಟು ಸಾಗಿಸಿದ್ದು ಸಲೀಸು. ಕಾಡಿದ್ದು ಲಿಂಕ್‌ಗಳು. ಮೂಡಿಗೆರೆ ಕಡೆ ತೋಟದವರಿಗೆ ಅಂತಲೇ ಬರೆದ ‘ಮಳೆಯನ್ನು ಇಂಚು, ಸೆಂಟಲ್ಲಿ ಬರೆಯೋದು’ (ಸೆಂಟ್ ಅಂದ್ರೆ ಇಂಚಿನ ನೂರರಲ್ಲಿ ಒಂದು ಪಾಲು) ಪುಟದಲ್ಲಿ ಮಳೆಮಾಪಕದ ಚಿತ್ರವೇ ಮಾಯ! ಪುಟ ಒಂದು ಫೋಲ್ಡರ್ ಒಳಗೆ ಹೋಗಿತ್ತಲ್ಲ, ಚಿತ್ರ ಹೊರಗೇ ಇತ್ತು; ಚಿತ್ರದ ದಾರಿಗೆ ಮುಂದೆ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಸೇರಿಸಬೇಕಿತ್ತು. ಚಿಕ್ಕಮಗಳೂರಲ್ಲಿ ಕರೆಂಟು ಹೋಗಿ ಬರೋದರ ನಡುವೆ ಒಂದೊಂದೇ ತಿದ್ದಿದೆ.

ಫೈಲಿನ ಹಳೇ ಇತಿಹಾಸ ಕಾಣದೆ ಗಾಬರಿ ಆಗಿತ್ತು. ಬದಲಾವಣೆಗಳ ಪಟ್ಟಿ ತೋರಿಸೋ ‘ಗಿಟ್ ಲಾಗ್’ ಆಜ್ಞೆಗೆ ‘ಫಾಲೋ’ ಸೇರಿಸಿದ್ರೆ ಸಾಗಿಸೋ ಮುಂಚಿನದೂ ಸಿಕ್ತು.

ಡಾಕ್ಸ್ ಒಳಗೂ ಒಂದು ರೀಡ್‌ಮಿ (ಪರಿಚಯದ ಫೈಲು) ಇಟ್ಟಿದ್ದೀನಿ. ಆದ್ರೆ ರೆಪೊ (ಯೋಜನೆಯ ಫೈಲುಗಳೆಲ್ಲ ಇರೋ ಜಾಗ) ತೆಗೆದಾಗ ಇವೆರಡರಲ್ಲಿ ಗಿಟ್‌ಹಬ್ ಮೊದಲ ಮಣೆ ಹಾಕೋದು ಹೊರಗಿನ ರೀಡ್‌ಮಿಗೇ.