ಸಹಾಯ ಬೇಕು: ಸಂದರ್ಶನದಲ್ಲಿ ನಡುಗುವ ದನಿಯನ್ನು ಹಿಡಿತಕ್ಕೆ ತರುವುದು ಹೇಗೆ?

ಗುಂಪಿನ ಹಿರಿಯರಿಗೆ ನಮಸ್ಕಾರ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆದು ತೇರ್ಗಡೆಯಾಗಿರುವ ನಾನು, ಮುಂದಿನ ತಿಂಗಳು ಆಯೋಗದ ಕಚೇರಿಯಾದ ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿ 275 ಅಂಕಗಳ ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, ಹಾಜರಾಗಬೇಕಿದೆ. ವಿಷಯ ಗೊತ್ತಿಲ್ಲವೆಂಬ ಭಯ ನನಗಿಲ್ಲ. ಆದರೆ ಮೊನ್ನೆಯ ಅಣಕು ಸಂದರ್ಶನದಲ್ಲಿ ಐವರು ಎದುರಿಗೆ ಕುಳಿತು ನೋಡುತ್ತಿದ್ದಂತೆ ಬಾಯಿ ಒಣಗಿ, ಮೊದಲ ಎರಡು ಉತ್ತರಗಳು ಗಂಟಲಲ್ಲೇ ಉಳಿದವು, ಮೂರನೆಯದನ್ನು ಉಸಿರು ಬಿಡದೆ ಒದರಿಬಿಟ್ಟೆ. ‘ಧೈರ್ಯವಾಗಿರಿ’ ಎಂಬ ಸಲಹೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ಅದರಿಂದ ಹೆಚ್ಚಾದದ್ದು ಬೆವರು ಮಾತ್ರ. ಉತ್ತರಿಸುವ ಮುನ್ನ ಎಷ್ಟು ಹೊತ್ತು ಸುಮ್ಮನಿರಬಹುದು, ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು, ‘ಕ್ಷಮಿಸಿ, ಗೊತ್ತಿಲ್ಲ’ ಎಂಬುದನ್ನು ಕುಗ್ಗದೆ ಹೇಳುವುದು ಹೇಗೆ, ಮುಖ್ಯವಾಗಿ, ಅನುವಾದಕರ ಮೂಲಕ ಮಾತನಾಡುವಾಗ ಯಾರ ಮುಖ ನೋಡಬೇಕು ಎಂಬುದನ್ನು ಆ ಕೊಠಡಿಯಲ್ಲಿ ಕುಳಿತು ಬಂದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.