1804ರ ಬ್ಯಾಂಕ್ ಡಾಲರ್, 3 ಷಿಲಿಂಗ್ ಟೋಕನ್: ಅಸಲಿಯೋ ನಕಲಿಯೋ ನೋಡುವುದು ಹೇಗೆ?

ಸೋಹೋ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಹಳೆಯ ಸಂಗ್ರಹ ಮಾರಾಟಕ್ಕಿದೆ. ದುಡ್ಡು ಕೊಡುವ ಮೊದಲು ತಿಳಿದವರ ಸಲಹೆ ಬೇಕು.

ಒಂದು, ಬ್ಯಾಂಕ್ ಆಫ್ ಇಂಗ್ಲೆಂಡ್ ಬಿಟ್ಟ 1804ರ ಐದು ಷಿಲಿಂಗ್ ಡಾಲರ್, 26.8 ಗ್ರಾಂ. ರಾಜನ ಮುಖದ ಪಕ್ಕದಲ್ಲಿ ಬೇರೆ ಯಾವುದೋ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಎರಡು, ಅದೇ ಬ್ಯಾಂಕ್ ನಾಣ್ಯದ ಬದಲಿಗೆ ಬಿಟ್ಟ 1812ರ 3 ಷಿಲಿಂಗ್ ಬೆಳ್ಳಿ ಟೋಕನ್ ಜೋಡಿ. ಒಂದು 14.6 ಗ್ರಾಂ, ಇನ್ನೊಂದು 13.1. ಎರಡರಲ್ಲೂ ರಾಜನ ಮುಖ ಬೇರೆ ಬೇರೆ. ಮೂರು, ಒಂದು ಡಬ್ಬಿ ತುಂಬ ಹಾಫ್ ಕ್ರೌನ್ (ಎರಡೂವರೆ ಷಿಲಿಂಗ್), ಫ್ಲಾರಿನ್ (ಎರಡು ಷಿಲಿಂಗ್), ಷಿಲಿಂಗ್, 1890ರ ದಶಕದಿಂದ 1946ರವರೆಗಿನವು. ಡಬ್ಬಿಗೆಲ್ಲ ಒಂದೇ ದರ ಹೇಳುತ್ತಿದ್ದಾರೆ. ಕೆಲವದರ ಮೇಲೆ ಹಸಿರು ಜಿಗುಟು ಇದೆ, ತೊಳೆಯಬಹುದೇ?

ಮಲೆನಾಡ_ಟಂಕ:
ಮೊದಲು ಡಾಲರ್. ಆ ಮಸುಕು ಅಕ್ಷರಗಳನ್ನು ಕಂಡು ಹೆದರಬೇಡಿ, ಅಸಲಿ ಡಾಲರಿನಲ್ಲಿ ಅವು ಇರುವುದೇ ಹೆಚ್ಚು. ಫ್ರಾನ್ಸ್ ಜೊತೆಗಿನ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿ ನಾಣ್ಯಕ್ಕೆ ಬರ ಬಂದಿತ್ತು. 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನಲ್ಲಿದ್ದ ಸ್ಪೇನಿನ 8 ರಿಯಾಲ್ ಬೆಳ್ಳಿ ನಾಣ್ಯಗಳ (ಇವನ್ನೇ ಡಾಲರ್ ಎನ್ನುತ್ತಿದ್ದರು) ಮೇಲೆ ಮೂರನೆಯ ಜಾರ್ಜನ ತಲೆಯ ಪುಟ್ಟ ಅಂಡಾಕಾರದ ಮುದ್ರೆ ಒತ್ತಿ 4 ಷಿಲಿಂಗ್ 9 ಪೆನ್ನಿಗೆ ಬಿಟ್ಟಿತು. ಮುದ್ರೆ ಚಿಕ್ಕದಾದ್ದರಿಂದ ನಕಲು ಮಾಡುವುದು ಸುಲಭವಾಯಿತು. 1804ರಲ್ಲಿ ಎಂಟು ಮೂಲೆಯ ಮುದ್ರೆ ತಂದರು, ಅದನ್ನೂ ನಕಲು ಮಾಡಿದರು. ಕೊನೆಗೆ ನಿಮ್ಮೂರಿನಲ್ಲೇ, ಮ್ಯಾಥ್ಯೂ ಬೋಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ, ಉಗಿಯಂತ್ರದ ಒತ್ತಿನಿಂದ ಇಡೀ ನಾಣ್ಯವನ್ನೇ ಹೊಸದಾಗಿ ಅಚ್ಚೊತ್ತಿದರು. ಕೆಳಗಿನ ಸ್ಪೇನಿನ ಅಚ್ಚು ಪೂರ್ತಿ ಅಳಿಯದೆ ಉಳಿದಿದ್ದೇ ನಿಮಗೆ ಕಾಣುತ್ತಿರುವುದು. ದೀಪವನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು, 10 ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ನೋಡಿ. ಹಳೆಯ ಇಸವಿಯೋ ಟಂಕಸಾಲೆಯ ಗುರುತೋ ಓದಲು ಸಿಕ್ಕರೆ ಬೆಲೆಯೂ ಏರುತ್ತದೆ. 26.8 ಗ್ರಾಂ ಸರಿಯಾಗಿದೆ, ಸ್ಪೇನಿನ ನಾಣ್ಯ ಸುಮಾರು 27 ಗ್ರಾಂ ಇರುತ್ತಿತ್ತು.

ಇನ್ನು ಟೋಕನ್. 1812ರಲ್ಲಿ ಎರಡು ಮುಖಗಳೂ ಬಂದಿವೆ. ಉಡುಪು ತೊಟ್ಟ ಎದೆಮಟ್ಟದ ಚಿತ್ರವಿದ್ದರೆ ಹಿಂಬದಿಯಲ್ಲಿ ಬರೀ ಓಕ್ ಎಲೆಗಳ ಮಾಲೆ ಇರಬೇಕು. ಎಲೆಯ ಕಿರೀಟ ತೊಟ್ಟ ಬರೀ ತಲೆಯಿದ್ದರೆ ಮಾಲೆಯ ಒಂದು ಪಕ್ಕ ಓಕ್, ಇನ್ನೊಂದು ಪಕ್ಕ ಆಲಿವ್. ಮುಖಕ್ಕೂ ಮಾಲೆಗೂ ತಾಳೆಯಾಗದಿದ್ದರೆ ಮುಟ್ಟಲೇಬೇಡಿ. ನನಗೆ ಅನುಮಾನ ಬರುವುದು 13.1ರ ಮೇಲೆ. ಸರಿಯಾದ ತೂಕ ಸುಮಾರು 14.7. ಬರೀ ಸವೆತದಿಂದ ಒಂದೂವರೆ ಗ್ರಾಂ ಹೋಗಬೇಕಾದರೆ ಮುಖವೇ ಅಳಿಸಿಹೋಗಿರಬೇಕು.

ತಕ್ಕಡಿ_ರಾಯರು:
ಟಂಕ ಅವರು ಹೇಳಿದ್ದು ಸರಿ, ಆದರೆ ಹಳೆಯ ಅಚ್ಚಿನ ಗುರುತು ಇದೆ ಅಂದಮಾತ್ರಕ್ಕೆ ಡಾಲರ್ ಅಸಲಿ ಎನ್ನಲಾಗದು. ಅಸಲಿಯಿಂದ ಎರಕ ತೆಗೆದರೆ ಆ ಗುರುತೂ ನಕಲಿಗೆ ಇಳಿಯುತ್ತದೆ. ಪ್ರತಿ ಅಸಲಿಯ ಅಡಿಯಲ್ಲೂ ಬೇರೆ ಬೇರೆ ಸ್ಪೇನಿನ ನಾಣ್ಯ ಬೇರೆ ಕೋನದಲ್ಲಿರುತ್ತದೆ. ಹಾಗಾಗಿ ಆನ್‌ಲೈನ್ ಮಾರಾಟದ ಫೋಟೊಗಳ ಜೊತೆ ಹೋಲಿಸಿ. ಅದೇ ಗುರುತು ಅದೇ ಜಾಗದಲ್ಲಿ, ಅದೇ ಗೀರಿನ ಸಮೇತ ಇನ್ನೊಂದರಲ್ಲಿ ಕಂಡರೆ ಎರಡರಲ್ಲಿ ಒಂದಾದರೂ ನಕಲಿ. ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು ಇದ್ದರೂ ಎರಕವೇ.

ನೀರಿನ ಪರೀಕ್ಷೆ ಮಾಡಲು ಮಾರುವವರನ್ನು ಕೇಳಿ, ನಾಣ್ಯಕ್ಕೆ ಏನೂ ಆಗುವುದಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ಹೊಲಿಗೆ ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಬರುವ ಉತ್ತರವೇ ಸಾಂದ್ರತೆ, ಅಂದರೆ ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು. ಡಾಲರ್ ಮತ್ತು ಟೋಕನ್‌ಗೆ 10.3ರ ಆಸುಪಾಸು ಬರಬೇಕು, ಶೇಕಡ 92.5 ಬೆಳ್ಳಿಗೆ 10.36. ಕ್ಯುಪ್ರೊನಿಕಲ್ (ತಾಮ್ರ, ನಿಕಲ್ ಬೆರಕೆ) ಆದರೆ 8.9, ಹಿತ್ತಾಳೆ ಇನ್ನೂ ಕೆಳಗೆ.

ಸಿಕ್ಸ್‌ಪೆನ್ಸ್‌ನಂಥ (ಅರ್ಧ ಷಿಲಿಂಗ್) ಚಿಕ್ಕ ನಾಣ್ಯಕ್ಕೆ ಈ ಪರೀಕ್ಷೆ ನಂಬಬೇಡಿ. ಅದು 2.83 ಗ್ರಾಂ, ನೀರಿನ ಅಂಕಿ 0.27. ತಕ್ಕಡಿ 0.01 ಆಚೀಚೆ ಆದರೂ ಉತ್ತರ 10.1ರಿಂದ 10.9ರವರೆಗೆ ಓಡಾಡುತ್ತದೆ.

ಸೋಹೋ_ಕನ್ನಡಿಗ:
ಮಾಡಿದೆ ರಾಯರೇ. ನೀರಿನ ಅಂಕಿ: ಡಾಲರ್ 2.60, ಮೊದಲ ಟೋಕನ್ 1.42, ಎರಡನೆಯದು 1.50.

ತಕ್ಕಡಿ_ರಾಯರು:
ಡಾಲರ್ 10.31, ಮೊದಲ ಟೋಕನ್ 10.28, ಎರಡೂ ಒಳ್ಳೆಯ ಬೆಳ್ಳಿ. ಎರಡನೆಯದು 8.73, ಬೆಳ್ಳಿಯಲ್ಲ. ಮೂಗು, ಭುಜ ಇಂಥ ಉಬ್ಬಿದ ಕಡೆ ಲೆನ್ಸಿನಲ್ಲಿ ನೋಡಿ, ಲೇಪ ಸವೆದು ತಾಮ್ರದ ಕೆಂಪೋ ಹಿತ್ತಾಳೆಯ ಹಳದಿಯೋ ಇಣುಕುತ್ತಿದ್ದರೆ ಅದು ಆ ಕಾಲದಲ್ಲೇ ಚಲಾವಣೆಗೆ ಬಿಟ್ಟ ಖೋಟಾ ಇರಬಹುದು. ಅಂಥವನ್ನೇ ಸಂಗ್ರಹಿಸುವವರಿದ್ದಾರೆ, ಬಿಸಾಡಬೇಡಿ. ಆದರೆ ಅಸಲಿಯ ಬೆಲೆ ಕೊಡಬೇಡಿ.

ಷಿಲಿಂಗ್_ಶಾನಭೋಗ:
ಡಬ್ಬಿಗೆ ಒಂದೇ ದರ ಒಪ್ಪಬೇಡಿ. 1919ರವರೆಗಿನದು ಶೇಕಡ 92.5 ಬೆಳ್ಳಿ, 1920ರಿಂದ 1946ರವರೆಗೆ ಶೇಕಡ 50 ಮಾತ್ರ, 1947ರಿಂದ ಚಲಾವಣೆಯ ನಾಣ್ಯಗಳಲ್ಲಿ ಬೆಳ್ಳಿಯೇ ಇಲ್ಲ. ಮೊದಲು ಇಸವಿ ನೋಡಿ ಎರಡು ಗುಡ್ಡೆ ಮಾಡಿ.

ಮುಂದಿನ ಲೆಕ್ಕ ಸುಲಭ. ಹಾಫ್ ಕ್ರೌನ್ 14.14, ಫ್ಲಾರಿನ್ 11.31, ಷಿಲಿಂಗ್ 5.66 ಗ್ರಾಂ, ಅಂದರೆ ಮುಖಬೆಲೆಗೆ ತಕ್ಕಂತೆ ತೂಕ. ಹಾಫ್ ಕ್ರೌನ್ ಆದರೆ 8, ಫ್ಲಾರಿನ್ 10, ಷಿಲಿಂಗ್ 20, ಯಾವುದನ್ನು ಎಣಿಸಿದರೂ ಒಂದು ಪೌಂಡ್ ಮುಖಬೆಲೆ, 113.1 ಗ್ರಾಂ. ಹಳೆಯ ಗುಡ್ಡೆಯಲ್ಲಿ ಅದರೊಳಗೆ 104.6 ಗ್ರಾಂ ಶುದ್ಧ ಬೆಳ್ಳಿ, ಹೊಸದರಲ್ಲಿ 56.5. ವಿಕ್ಟೋರಿಯಾ ಕಾಲದವು ಸವೆದಿರುತ್ತವೆ, ಆದ್ದರಿಂದ ಗುಡ್ಡೆಯನ್ನೇ ತೂಗಿ 0.925 ಅಥವಾ 0.5ರಿಂದ ಗುಣಿಸುವುದು ಉತ್ತಮ.

ಬೆಳ್ಳಿ ದರಕ್ಕೆ ಸೇರಿಸುವ ಮೊದಲು ಅಪರೂಪದ 1905ರ ಹಾಫ್ ಕ್ರೌನ್, 1905ರ ಷಿಲಿಂಗ್, 1930ರ ಹಾಫ್ ಕ್ರೌನ್ ಇವೆಯೇ ಹುಡುಕಿ. 1905ಕ್ಕೆ ನಕಲಿ ಬಹಳ, 5ರ ಅಂಕಿಯ ಸುತ್ತ ಉಜ್ಜಿದ ಗುರುತು ಇದೆಯೇ ನೋಡಿ. 1937ರಿಂದಾಚೆಯ ಷಿಲಿಂಗ್‌ಗಳಲ್ಲಿ ಕಿರೀಟದ ಮೇಲೆ ನಿಂತ ಸಿಂಹ ಇಂಗ್ಲೆಂಡಿನದು, ಕುಳಿತ ಸಿಂಹ ಸ್ಕಾಟ್ಲೆಂಡಿನದು. ಎರಡೂ ಅಸಲಿ, ಇಸವಿಗೆ ಒಂದೊಂದು ಜೋಡಿ ತೆಗೆದಿಡಿ. ಕಡಿಮೆ ಖರ್ಚಿನಲ್ಲಿ ಇಷ್ಟು ಚಂದದ ಸರಣಿ ಇನ್ನೊಂದಿಲ್ಲ.

ಕರಾವಳಿ_ಬೆಳ್ಳಿ:
ಹಸಿರು ಜಿಗುಟು ಬಂದಿದ್ದು ಪಿವಿಸಿ ಪ್ಲಾಸ್ಟಿಕ್ ಆಲ್ಬಮ್‌ನಿಂದ. ಹಾಗೇ ಬಿಟ್ಟರೆ ಬೆಳ್ಳಿಯನ್ನು ತಿನ್ನುತ್ತದೆ. ಶುದ್ಧ ಅಸಿಟೋನ್ ತನ್ನಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆಸಿರುತ್ತಾರೆ. ಕಿಟಕಿ ತೆರೆದು, ಒಲೆಯಿಂದ ದೂರ, ಗಾಜಿನ ಬಟ್ಟಲಲ್ಲಿ 15 ನಿಮಿಷ ನೆನೆಸಿ, ಅಸಿಟೋನ್ ಬದಲಿಸಿ ಇನ್ನೊಮ್ಮೆ ಮಾಡಿ. ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒರೆಸಬಾರದು.

ಕಪ್ಪು ಛಾಯೆಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ದೇವರ ಪಾತ್ರೆ ಬೆಳಗುವ ಹುಣಸೆಹುಳಿ, ವಿಭೂತಿ, ಪೀತಾಂಬರಿ, ಟೂತ್‌ಪೇಸ್ಟ್ ಯಾವುದೂ ನಾಣ್ಯಕ್ಕೆ ಆಗದು. ಕೂದಲೆಳೆಯಂಥ ಗೀರು ಬೀಳುತ್ತದೆ, ಮೂಲ ಮಿರುಗು ಹೋಗುತ್ತದೆ, ಬೆಲೆ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಮೈಲಾರ್ (ಪಿವಿಸಿ ಅಲ್ಲದ ಪಾರದರ್ಶಕ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರಿನಲ್ಲಿಡಿ, ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯ ಗೀಚುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಊರಿಗೆ ತರುವ ಯೋಚನೆ ಇದ್ದರೆ ಇನ್ನೊಂದು ಮಾತು. ಭಾರತದಲ್ಲಿ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮುಂದೆ ಲಂಡನ್ ಹರಾಜಿನಲ್ಲಿ ಮಾರುವ ಉದ್ದೇಶವಿದ್ದರೆ ಡಾಲರನ್ನೂ ಟೋಕನ್ನನ್ನೂ ಅಲ್ಲೇ ಇಟ್ಟುಕೊಳ್ಳಿ.