ಮುಸ್ಸಂಜೆ ಬೆಳಗಿಗೂ ಸಲ್ಲುವುದೇ?

ಮುಳಬಾಗಿಲಿನ ಗೆಳೆಯರೊಬ್ಬರು ತಮ್ಮ ಅನುವಾದದ ಕರಡಿನಲ್ಲಿ ‘ಬೆಳಗಿನ ಮುಸ್ಸಂಜೆ’ ಎಂದು ಬರೆದು, ಸರಿಯೇ ಎಂದು ಕೇಳಿದ್ದಾರೆ. ಸೂರ್ಯ ಕಾಣದೆ ಬೆಳಕಷ್ಟೇ ಉಳಿಯುವ ಹೊತ್ತು ಎರಡು ಕಡೆಯೂ ಒಂದೇ ತಾನೇ ಎಂಬುದು ಅವರ ವಾದ. ಈ ವಾದವನ್ನು ಆಕಾಶ ಒಪ್ಪೀತು, ಕನ್ನಡ ಒಪ್ಪುವುದಿಲ್ಲ.

ಸಂಸ್ಕೃತದ ಸಂಧ್ಯೆ ಎರಡಕ್ಕೂ ಸಲ್ಲುತ್ತದೆ: ಪ್ರಾತಃಸಂಧ್ಯೆ, ಸಾಯಂಸಂಧ್ಯೆ. ಅದೇ ಪದ ತದ್ಭವವಾಗಿ ಸಂಜೆಯಾದದ್ದೇ ಪಡುವಣಕ್ಕೆ ಸರಿದು ಕುಳಿತಿತು. ಮುಸ್ಸಂಜೆಯ ‘ಮು’ವನ್ನು ಮುಂಜಾವು, ಮುಂಗಾರುಗಳ ‘ಮುಂ’ ಎಂದು ಬಗೆದು ‘ಸಂಜೆಗೆ ಮುಂಚೆ’ ಎಂದು ಅರ್ಥ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮುಕ್ಕಾಲು, ಮುಮ್ಮಡಿಗಳಲ್ಲಿರುವ ಮೂರೇ ಇಲ್ಲಿಯೂ ಇರುವುದು. ‘ಮೂರುಸಂಜೆಯ ಹೊತ್ತಿನಲ್ಲಿ ಮಲಗಬೇಡ, ಎದ್ದು ದೀಪ ಹಚ್ಚು’ ಎಂದು ಅಜ್ಜಿಯಿಂದ ಗದರಿಸಿಕೊಂಡವರಿಗೆ ಬೇರೆ ಸಾಕ್ಷಿ ಏಕೆ? ಬೆಳಗು, ನಡುಹಗಲು, ಬೈಗು ಎಂಬ ತ್ರಿಸಂಧ್ಯೆಗಳಲ್ಲಿ ಇದು ಮೂರನೆಯದು.

ಬೈಗು ಎಂದೆನಲ್ಲ, ಅದರ ಕಥೆ ಇನ್ನೂ ಸೊಗಸು. ಕನ್ನಡದಲ್ಲಿ ಬೈಗು ಎಂದರೆ ಸಂಜೆ. ಅದೇ ಬೇರಿನ ತೆಲುಗಿನ ವೇಕುವ, ತಮಿಳಿನ ವೈಗರೈ ಎರಡೂ ನಸುಕಿನ ಹೊತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಕೋಲಾರದ ಕಡೆಯವರು ಒಂದೇ ಬೇರಿನಿಂದ ಎರಡು ಹೊತ್ತನ್ನೂ ಹೆಸರಿಸಬಲ್ಲರು. ಹಾಗೆಂದು ಕನ್ನಡದ ವಾಕ್ಯದಲ್ಲಿ ಬೈಗನ್ನು ಮೂಡಣಕ್ಕೆ ತಿರುಗಿಸಲಾಗದು.

ಗೋಧೂಳಿಯೂ ಸಂಜೆಯದೇ. ದನಗಳು ಮೇವಿನಿಂದ ಮರಳುವಾಗ ಏಳುವ ಧೂಳು. ಮುಹೂರ್ತದ ಲೆಕ್ಕದಲ್ಲಿ ಗೋಧೂಳಿ ಲಗ್ನ. ಈಗ ನಮ್ಮಲ್ಲಿ ಬಹುಪಾಲು ಮಿಶ್ರತಳಿಯ ಹಸುಗಳು ಕೊಟ್ಟಿಗೆಯಲ್ಲೇ ನಿಂತು ಮೇಯುತ್ತವೆ. ಧೂಳೇಳುವುದು ಲಗ್ನಪತ್ರಿಕೆಯಲ್ಲಿ ಮಾತ್ರ. ಊರಿನಲ್ಲಿ ಬಳಕೆಯಲ್ಲಿರುವುದು ‘ಡೇರಿಗೆ ಹಾಲು ಹಾಕುವ ಹೊತ್ತು’. ತಮಾಷೆಯೆಂದರೆ, ದಿನಕ್ಕೆ ಎರಡು ಬಾರಿ ಹಾಲು ಕರೆಯುವುದರಿಂದ ಗೆಳೆಯರು ಹುಡುಕುತ್ತಿರುವ ಉಭಯಾರ್ಥ ಇದಕ್ಕೆ ಪೂರ್ತಿಯಾಗಿ ಇದೆ. ಕವಿತೆಗೆ ಒಗ್ಗೀತೇ ಎಂಬುದು ಬೇರೆ ಮಾತು.

ಕರಡಿಗೆ ನನ್ನ ಸಲಹೆ ‘ನಸುಕು’. ಎರಡು ಹೊತ್ತಿಗೂ ಸಲ್ಲುವ ಪದವೇ ಬೇಕೆಂದರೆ ‘ನಸುಗತ್ತಲೆ’ ಇದೆ. ಅದು ಬೆಳಗನ್ನೂ ಬೈಗನ್ನೂ ಬೇರೆ ಮಾಡದು. ಯಾವುದೆಂದು ಮುಂದಿನ ಸಾಲು ಹೇಳಿದರಾಯಿತು. ಇನ್ನು ‘ಬೈಗೂ ಬೆಳಗೂ’ ಎಂಬ ಜೋಡಿಯನ್ನು ಬಿಟ್ಟು, ಬೈಗು ಒಂದೇ ಪದವಾಗಿ ಮಾತಿನಲ್ಲಿ ಬರುವುದನ್ನು ಶಿರಾ, ಪಾವಗಡ, ಬಾಗೇಪಲ್ಲಿಯ ಕಡೆ ಯಾರಾದರೂ ಕೇಳಿದ್ದರೆ ಆ ವಾಕ್ಯವನ್ನು ಇದ್ದಂತೆಯೇ ಬರೆದು ತಿಳಿಸಿ.